ಎಡಗಡೆಯ ಕನ್ನಡಿ ಡಬ್ಬಿಯಲ್ಲಿತ್ತೇ, ಇಲ್ಲವೇ?

ಪುಟಾಣಿ ಕಾರುಗಳ ಕಾರ್ಖಾನೆಯ ಗ್ರಾಹಕ ಸೇವಾ ವಿಭಾಗದ ಪರಮ ಗೌರವಾನ್ವಿತ ಮುಖ್ಯಸ್ಥರ ಸನ್ನಿಧಿಗೆ,

ಮಾನ್ಯರೇ,

ರಾತ್ರಿ ಎರಡು ಗಂಟೆ ಇಪ್ಪತ್ತು ನಿಮಿಷಕ್ಕೆ, ಚಳಿ ಹಿಡಿದು ಸ್ಟಾರ್ಟ್ ಆಗಲೊಲ್ಲದ ಹಳೇ ಕಾರಿನಂತೆ ‘ಗುರ್... ಗುರ್... ಗುರ್... ಟಕ್’ ಎಂಬ ಸದ್ದೊಂದು ನನ್ನ ಎಂಟು ತಿಂಗಳ ಮಗಳ ಹೊಟ್ಟೆಯೊಳಗಿಂದ ಹೊರಟು ನನ್ನನ್ನು ಎಬ್ಬಿಸಿತು ಎಂಬ ಸಂಗತಿಯನ್ನು ತಮ್ಮ ಗಮನಕ್ಕೆ ತರುತ್ತಾ, ತಾವೂ, ತಮ್ಮ ಮನೆಯವರೂ, ತಮ್ಮ ಕಾರ್ಖಾನೆಯ ಅಚ್ಚುಗಳೂ, ಆ ಅಚ್ಚುಗಳಿಂದ ಹಗಲೂರಾತ್ರಿ ಉದುರುವ ಅಸಂಖ್ಯಾತ ಬಿಡಿಭಾಗಗಳೂ ಕ್ಷೇಮದಿಂದ ಇರಲೆಂದು ಮೊದಲಿಗೆ ಹಾರೈಸುತ್ತೇನೆ. ನಾವೂ ಇಲ್ಲಿ, ಒಂದು ಬಿಡಿಭಾಗವನ್ನು ಬಿಟ್ಟರೆ, ಕ್ಷೇಮ. ಡಬ್ಬಿಯ ಮೇಲಿರುವ ವಿಳಾಸ ನೋಡಿ ಲೆಕ್ಕ ಹಾಕಿದ್ದರಲ್ಲಿ ತಮ್ಮ ಊರಿನಲ್ಲಿ ಈಗ ಹಾಡುಹಗಲು ಎಂದು ತಿಳಿದುಬಂದಿರುವುದರಿಂದ, ಮಲಗಿದ್ದೆವು ಎಂಬ ನೆಪ ತಮಗೆ ಇಲ್ಲವೆಂಬುದನ್ನು ವಿನಯಪೂರ್ವಕವಾಗಿ ನೆನಪಿಸುತ್ತೇನೆ.

ಈ ಪತ್ರವನ್ನು ತಮಗೆ ಕಳಿಸುವುದರ ಜೊತೆಗೆ ಹವ್ಯಾಸಿಗಳು ಓಡಾಡುವ ಕಡೆಯಲ್ಲೆಲ್ಲ ಬಹಿರಂಗವಾಗಿ ಹಾಕುತ್ತಿರುವುದಕ್ಕೆ ಕ್ಷಮೆಯಿರಲಿ. ತಮ್ಮ ಮಾನ ಕಳೆಯುವ ಉದ್ದೇಶ ನನಗಿಲ್ಲ. ಆ ಕೆಲಸಕ್ಕೆ ತಮ್ಮ ದೂರವಾಣಿಯೊಳಗಿನ ಯಂತ್ರವೇ ಸಾಕು. ಅದು ನನ್ನನ್ನು ಒಂದು ಒತ್ತು, ಎರಡು ಒತ್ತು ಎಂದು ಕೈಹಿಡಿದು ನಡೆಸಿ, ಕೊಳಲಿನ ಸಂಗೀತ ಕೇಳಿಸಿ, ಕೊನೆಗೆ ‘ತಮ್ಮ ಕರೆ ನಮಗೆ ಅಮೂಲ್ಯ’ ಎಂದು ಹೇಳಿ ಆ ಅಮೂಲ್ಯ ವಸ್ತುವನ್ನು ಕೆಳಗಿಟ್ಟುಬಿಟ್ಟಿತು. ಆದ್ದರಿಂದ ಇದೇ ಕಾರನ್ನು ಕಟ್ಟಿದ ಅನುಭವವಿರುವ ಯಾವ ಪುಣ್ಯಾತ್ಮರು ಓದಿದರೂ ಸರಿ, ನನ್ನ ಪ್ರಶ್ನೆ ಒಂದೇ: ತಮ್ಮ ಕೆಂಪು ಬಣ್ಣದ, ನಾಲ್ಕು ಬಾಗಿಲಿನ, ಇಪ್ಪತ್ತನಾಲ್ಕರಲ್ಲಿ ಒಂದು ಪಾಲು ಅಳತೆಯ ಸಂಸಾರಸ್ಥರ ಕಾರಿನ ಕಿಟ್‌ನಲ್ಲಿ ಎಡಗಡೆಯ ಕನ್ನಡಿ ಎಂಬುದೊಂದು ಇರುತ್ತದೆಯೇ, ಇಲ್ಲವೇ? ಇರುವುದಿಲ್ಲ ಎಂದಾದರೆ ನಾನು ಈಗಲೇ ಮಲಗುತ್ತೇನೆ. ಇರುತ್ತದೆ ಎಂದಾದರೆ ಅದು ನನ್ನ ಮಗಳ ಹೊಟ್ಟೆಯಲ್ಲಿದೆ.

ತಮ್ಮ ಉತ್ಪನ್ನದ ಬಗ್ಗೆ ನನಗೆ ಯಾವ ಅಗೌರವವೂ ಇಲ್ಲವೆಂದು ಮೊದಲೇ ಸ್ಪಷ್ಟಪಡಿಸುವುದು ಒಳ್ಳೆಯದು. ನಮ್ಮ ಮನೆಯಲ್ಲಿ ಅದನ್ನು ಕಟ್ಟುವವರು ಗಂಡನೋ ಮೈದುನನೋ ಆಗಿದ್ದರೆ ಎರಡು ಮಾತು ಆಡಿ ಮುಗಿಸಬಹುದಿತ್ತು. ಕಟ್ಟುವವರು ನನ್ನ ಅತ್ತೆ. ಅವರು ಜೀವಮಾನವೆಲ್ಲ ಡ್ರೈವಿಂಗ್ ಶಾಲೆ ನಡೆಸಿ, ಅರ್ಧ ಊರಿಗೆ ಸ್ಟಿಯರಿಂಗ್ ಹಿಡಿಯಲು ಕಲಿಸಿ, ಕಾಯಿಪಲ್ಯದ ಅಂಗಡಿಯವನಿಂದ ಹಿಡಿದು ದಂತವೈದ್ಯರವರೆಗೆ ಎಲ್ಲರ ಬಾಯಲ್ಲೂ ‘ಬ್ರೇಕ್ ಮೇಡಂ’ ಎನಿಸಿಕೊಂಡವರು. ನಿವೃತ್ತರಾಗಿ ವರ್ಷಗಳು ಕಳೆದರೂ ಇವತ್ತಿಗೂ ಯಾರ ಪಕ್ಕ ಕೂರುವುದಾದರೂ ಎಡಗಡೆಯೇ ಕೂರುತ್ತಾರೆ. ನಾನು ಮಗಳಿಗೆ ಚಮಚದಲ್ಲಿ ಗಂಜಿ ತಿನ್ನಿಸುವಾಗ ಕೈ ಸ್ವಲ್ಪ ಬೇಗ ಹೋದರೆ ಸಾಕು, ಪಕ್ಕದಲ್ಲಿ ಅವರ ಬಲಗಾಲು ತಾನಾಗಿ ನೆಲವನ್ನು ಒತ್ತುತ್ತದೆ. ನಾನು ಮದುವೆಯಾಗಿ ಬರುವ ಹೊತ್ತಿಗೆ ಶಾಲೆಯೂ ಮುಚ್ಚಿತ್ತು, ಶಾಲೆಯ ಕಾರೂ ಗುಜರಿಗೆ ಹೋಗಿತ್ತು. ನಿಜವಾದ ಕಾರು ಹೋದ ಜಾಗವನ್ನು ತಾವು ತಮ್ಮ ಗೇಣುದ್ದದ ಕಾರುಗಳಿಂದ ತುಂಬಿದಿರಿ. ಅದಕ್ಕಾಗಿ ನಮ್ಮ ಮನೆತನ ತಮಗೆ ಚಿರಋಣಿ.

ಮಗು ಹುಟ್ಟುವವರೆಗೆ ಈ ಹವ್ಯಾಸ ಅತ್ತೆಯ ಕೋಣೆಯ ಮೇಜಿನ ಮೇಲೆ ಮರ್ಯಾದೆಯಿಂದ ಇತ್ತು. ಮಗು ಬಂದ ಮೇಲೆ ಏನಾಯಿತೆಂದರೆ, ಶಿಶುವಿಗೆ ಬೇಕಾದ ಸಾಮಾನೂ ಪುಟಾಣಿ ಕಾರಿಗೆ ಬೇಕಾದ ಸಾಮಾನೂ ಹೆಚ್ಚುಕಡಿಮೆ ಒಂದೇ ಎಂಬ ಸತ್ಯ ಅತ್ತೆಯ ಕಣ್ಣಿಗೆ ಬಿತ್ತು. ಔಷಧಿ ಹಾಕುವ ಡ್ರಾಪರ್ ಬಣ್ಣ ಬೆರೆಸಲು ಎಷ್ಟು ಚೆನ್ನ, ಕಿವಿಗೆ ಇಡುವ ಹತ್ತಿಯ ಕಡ್ಡಿ ಕಿಟಕಿಯ ಅಂಚು ಒರೆಸಲು ಎಷ್ಟು ಅನುಕೂಲ! ಹಾಲಿನ ಬಾಟಲಿಗಳನ್ನು ಬೋರಲು ಹಾಕುವ ಸ್ಟ್ಯಾಂಡಿನಲ್ಲಿ ಒಂದು ಬೆಳಿಗ್ಗೆ ನೋಡಿದರೆ ಎರಡು ಬಾಟಲಿಗಳ ನಡುವೆ ಬಂಪರ್ ಒಂದು ಕೆಂಪಗೆ ಒಣಗುತ್ತಿತ್ತು. ನಾನು ಕಿರುಚಿದ್ದಕ್ಕೆ ಅತ್ತೆ, “ಬಾಟ್ಲಿಗೆ ತಗಲಿಲ್ಲ ಕಣಮ್ಮ, ಮಧ್ಯೆ ಒಂದ್ ಗೂಟ ಬಿಟ್ಟೇ ಇಟ್ಟಿದೀನಿ” ಎಂದರು. ಅಂತರ ಕಾಯ್ದುಕೊಳ್ಳುವುದನ್ನು ಊರಿಗೆಲ್ಲ ಕಲಿಸಿದವರಲ್ಲವೇ!

ಅಂದಿನಿಂದ ನಾನು ನೆಲ ಗುಡಿಸುವವಳಲ್ಲ, ನೆಲ ಜಾಲಾಡುವವಳಾದೆ. ತಮ್ಮ ಭಾಗಗಳು ಚಿಮುಟದಿಂದ ಹಾರುವ ವೇಗಕ್ಕೆ ತಮ್ಮ ಕಾರುಗಳೇನಾದರೂ ಓಡಿದ್ದರೆ ಅವುಗಳನ್ನು ಹಿಡಿಯಲು ಯಾವ ಪೊಲೀಸರಿಂದಲೂ ಆಗುತ್ತಿರಲಿಲ್ಲ. ಹಿಂದೊಮ್ಮೆ ಸ್ಟಿಯರಿಂಗ್ ಕಳೆದುಹೋಗಿ, ಮಗಳು ನುಂಗಿದಳೆಂದು ನಾನು ಅತ್ತು, ಡಾಕ್ಟರಲ್ಲಿಗೆ ಓಡಿ, ಅವರ ಎದುರು ಕೂತಾಗ ಅದು ನನ್ನ ಜಡೆಯಿಂದಲೇ ಕೆಳಗೆ ಬಿತ್ತು. ಇನ್ನೊಮ್ಮೆ ಚಕ್ರ. ಅದು ನಮ್ಮ ಯಜಮಾನರ ಆಫೀಸಿನ ಬೂಟಿನಲ್ಲಿ ಮೂರು ದಿನ ಕೆಲಸಕ್ಕೆ ಹೋಗಿ ಬಂದಿತ್ತು. ಆವತ್ತು ಅತ್ತೆ ನನ್ನನ್ನು ಕೂರಿಸಿಕೊಂಡು ಹೇಳಿದ್ದು ಒಂದೇ ಮಾತು: “ನೋಡಮ್ಮ, ನೀನು ಏನಾದ್ರೂ ಕಂಡ್ರೆ ಬ್ರೇಕೂ ಹಾರ್ನೂ ಒಟ್ಟಿಗೇ ಒತ್ತಿ ಕಣ್ಣು ಮುಚ್ಕೋತೀಯ. ಮೊದ್ಲು ನೋಡು.” ಅಂಕಿಅಂಶ ಶಾಸ್ತ್ರದಲ್ಲಿ ಪದವಿ ಪಡೆದ ನನಗೆ ಆ ಮಾತು ನಾಟಿತು, ಅದರಂತೆಯೇ ಇವತ್ತು ರಾತ್ರಿ ನಾನು ಎಲ್ಲಕ್ಕಿಂತ ಮೊದಲು ನೋಡಲು ಹೋದೆ. ಎಲ್ಲ ಅನಾಹುತವೂ ಅಲ್ಲಿಂದಲೇ ಶುರು.

ಬೆಳಿಗ್ಗೆ ಪುಟಾಣಿ ಕಾರು ಕಟ್ಟುವ ಅತ್ತೆಯ ಸಂಘದವರ ಪ್ರದರ್ಶನವಿದೆ. ಅದಕ್ಕಾಗಿ ಎರಡು ತಿಂಗಳಿಂದ ಅವರು ತಮ್ಮ ಈ ಕೆಂಪು ಕಾರನ್ನು ಯಾರಿಗೂ ತೋರಿಸದೆ, ಊಟದ ಮನೆಯ ಮೂಲೆಯಲ್ಲಿ ಹೊಸದಾಗಿ ಹಾಕಿಸಿಕೊಂಡ ಮೇಜಿನ ಮೇಲೆ ದೊಡ್ಡ ಸ್ಟೀಲ್ ಬೋಗುಣಿ ಕವುಚಿಟ್ಟು ಕಟ್ಟುತ್ತಿದ್ದರು. ಅವರ ಹಿಂದಿನ ಕಾರುಗಳೆಲ್ಲ ಫಳಫಳ ಹೊಳೆಯುವವು. ಡಬ್ಬಿಯ ಮೇಲಿನ ಚಿತ್ರಕ್ಕಿಂತ ಒಂದು ಕೈ ಮೇಲೆ. ನಿನ್ನೆ ಸಂಜೆ ಕೊನೆಯ ಕೆಲಸ ಮಾಡುವಾಗ ಮಗಳು ಅವರ ತೊಡೆಯ ಮೇಲಿದ್ದಳು. ಹೊಟ್ಟೆಯ ಸದ್ದು ಕೇಳಿ ಎದ್ದ ನನಗೆ ಮೊದಲು ನೆನಪಾದದ್ದು ಆ ತೊಡೆ, ಆಮೇಲೆ ಆ ಮೇಜು, ಆಮೇಲೆ ನನ್ನ ಮಗಳ ಬಾಯಿ. ಹೋಗಿ ಬೋಗುಣಿ ಎತ್ತಿದೆ.

ಮಾನ್ಯರೇ, ನಾನು ಕಂಡದ್ದನ್ನು ಹೇಗೆ ಬರೆಯಲಿ? ಕಾರಿನ ಮೈಯೆಲ್ಲ ಕೆಸರು. ಎಡಬಾಗಿಲು ಒಳಕ್ಕೆ ಕುಗ್ಗಿದೆ. ಹಿಂದಿನ ಸೀಟಿನ ಹೊದಿಕೆ ಹರಿದಿದೆ. ಮುಂದಿನ ಬಂಪರಿನ ಮೇಲೆ ಪಕ್ಕಪಕ್ಕದಲ್ಲೇ ಎರಡು ಪುಟ್ಟ ಗುಳಿಗಳು. ಮಗಳಿಗೆ ಮೊನ್ನೆಯಷ್ಟೇ ಮೂಡಿರುವ ಎರಡು ಹಲ್ಲುಗಳ ನಡುವಿನ ಅಂತರಕ್ಕೆ ಅವು ಸರಿಹೊಂದುತ್ತವೆಂದು ನಾನು ದಾರ ಹಿಡಿದು ಅಳೆದು ನೋಡಿದ್ದೇನೆ. ಬಲಗಡೆ ಕನ್ನಡಿ ಇದೆ. ಎಡಗಡೆ ಕನ್ನಡಿ ಇರಬೇಕಾದ ಜಾಗದಲ್ಲಿ ಮುರಿದ ಮೊಂಡು, ಅದರ ಮೇಲೆ ಕರೀ ಟೇಪಿನ ಎಳ್ಳಿನಷ್ಟು ತುಂಡು. ಅತ್ತೆ ಮೊಮ್ಮಗಳ ತಪ್ಪನ್ನು ನನ್ನಿಂದ ಮುಚ್ಚಿಡಲು ಗಾಯಕ್ಕೆ ಪಟ್ಟಿ ಕಟ್ಟಿದ್ದಾರೆ ಎಂದು ನನ್ನ ತಾಯಿಹೃದಯ ತಕ್ಷಣ ತೀರ್ಮಾನಿಸಿತು.

ಯಜಮಾನರನ್ನು ಅಲುಗಾಡಿಸಿ, “ರೀ, ಕಾರಿನ ಎಡಗಡೆ ಕನ್ನಡೀನೇ ಇಲ್ಲ!” ಎಂದೆ. ಅವರು ಕಣ್ಣು ಬಿಡದೆ, “ಅದು ಯಾವತ್ತಿತ್ತು?” ಎಂದು ಕೇಳಿ ಗೋಡೆಯ ಕಡೆ ತಿರುಗಿಕೊಂಡರು. ಹೆತ್ತ ಮಗಳ ಹೊಟ್ಟೆಯೊಳಗೆ ಗಾಜಿಗೆ ಬಳಿಯುವ ಬೆಳ್ಳಿಬಣ್ಣ ಹಚ್ಚಿದ ಪ್ಲಾಸ್ಟಿಕ್ ಇರುವಾಗ ಒಬ್ಬ ತಂದೆ ಆಡುವ ಮಾತೇ ಇದು ಎಂದು ನಾನು ಅಲ್ಲೇ ನಿಂತು ಕಣ್ಣೀರು ಹಾಕಿದೆ. ಆಮೇಲೆ ಮಕ್ಕಳ ಡಾಕ್ಟರಿಗೆ ಫೋನ್ ಮಾಡಿದೆ. ಅವರು ನನ್ನ ದನಿ ಕೇಳುತ್ತಲೇ, “ಈ ಸಲ ಯಾವ ಪಾರ್ಟು?” ಎಂದರು. ಮಗು ಉಸಿರಾಡುತ್ತಿದೆಯೇ, ಕೆಮ್ಮುತ್ತಿದೆಯೇ, ಜೊಲ್ಲು ಸುರಿಸುತ್ತಿದೆಯೇ, ಹಾಲು ಕುಡಿಯಿತೇ, ಬಣ್ಣ ಏನು ಎಂದೆಲ್ಲ ಕೇಳಿದರು. ಉಸಿರು, ಹಾಲು, ನಿದ್ದೆ ಎಲ್ಲ ಸರಿಯಿದೆ, ಬಣ್ಣ ಅವಳ ಅಪ್ಪನದು ಎಂದೆ. “ಹಾಗಾದ್ರೆ ಮಗೂನ ನೋಡ್ಕೊಂಡಿರಿ, ಏನಾದ್ರೂ ಬದಲಾದ್ರೆ ತಕ್ಷಣ ಕರ್ಕೊಂಡು ಬನ್ನಿ. ಅಷ್ಟ್ರೊಳಗೆ ಒಂದು ಉಪಕಾರ ಮಾಡಿ ತಾಯಿ: ಆ ಕನ್ನಡಿ ನಿಜವಾಗ್ಲೂ ಇತ್ತಾ ಅಂತ ಖಾತ್ರಿ ಮಾಡ್ಕೊಳಿ” ಎಂದರು.

ಖಾತ್ರಿ ಮಾಡಿಕೊಳ್ಳಲು ಹೊರಟಾಗಲೇ ತಮ್ಮ ಕಂಪನಿಯ ದೂರದೃಷ್ಟಿ ನನಗೆ ಅರಿವಾದದ್ದು. ಡಬ್ಬಿಯ ಮೇಲೆ ಎಷ್ಟು ಸೊಗಸಾದ ಚಿತ್ರ! ಕಡಲತೀರ, ಸೂರ್ಯಾಸ್ತ, ಹಾರುವ ಹಕ್ಕಿ, ಎಲ್ಲವೂ ಇವೆ. ಕಾರು ಮಾತ್ರ ಬಲಗಡೆಯಿಂದ. ಎಡಗಡೆಯನ್ನು ಕಂಪನಿಯವರೂ ಒಮ್ಮೆಯೂ ಕಂಡಿಲ್ಲವೇನೋ ಎಂಬಷ್ಟು ನಾಚಿಕೆಯಿಂದ ಅದನ್ನು ಮರೆಮಾಡಲಾಗಿದೆ. ಜೋಡಣೆಯ ಹಾಳೆಯನ್ನು ಹುಡುಕಿದೆ. ಸಿಕ್ಕಿತು. ಅತ್ತೆಗೆ ಜೋಡಣೆಯ ಹಾಳೆಯೆಂದರೆ ಬಣ್ಣ ಹೊಡೆಯುವಾಗ ಕೆಳಗೆ ಹಾಸಿಕೊಳ್ಳಲು ಕಂಪನಿಯವರು ಪ್ರೀತಿಯಿಂದ ಕೊಡುವ ಕಾಗದ. ಹಾಳೆಯ ತುಂಬ ಕೆಂಪು ಮೋಡ, ಮೋಡದ ನಡುವೆ ಬಾಗಿಲಿನಾಕಾರದ ಒಂದು ಬಿಳಿ ಕಿಂಡಿ, ಆ ಕಿಂಡಿಯಲ್ಲಿ ‘ಅಂಟು ಒಣಗುವವರೆಗೆ ಕಾಯಿರಿ’ ಎಂಬ ಒಂದೇ ಉಪದೇಶ. ತಮ್ಮ ಜಾಲತಾಣ ತೆರೆದೆ. ಅಲ್ಲಿ ಒಂದು ಚಕ್ರ ತಿರುಗುತ್ತಿದೆ. ಇದನ್ನು ಬರೆಯುವಾಗಲೂ ತಿರುಗುತ್ತಿದೆ. ತಾವು ಮಾಡಿದ ಚಕ್ರಗಳ ಪೈಕಿ ತಿರುಗುವುದು ಅದೊಂದೇ ಇರಬೇಕು.

ಇನ್ನು ಕಾರನ್ನೇ ವಿಚಾರಿಸುವುದೆಂದು ಕೈಗೆತ್ತಿಕೊಂಡೆ. ಮೊದಲು, ಮಗಳ ಜೊಲ್ಲೋ ಗಂಜಿಯೋ ಆಗಿರಬಹುದಾದ ಆ ಕೊಳೆ ಪ್ರದರ್ಶನದಲ್ಲಿ ಅತ್ತೆಯ ಮಾನ ತೆಗೆಯಬಾರದೆಂದು, ಮಗಳ ಅಂಡು ಒರೆಸುವ ಒದ್ದೆ ಟಿಶ್ಯೂ ತಂದು ಒಂದು ಮಗ್ಗುಲನ್ನು ಚೊಕ್ಕಟವಾಗಿ ಒರೆಸಿದೆ. ಕರೀ ಟೇಪನ್ನು ಚಿಮುಟದಿಂದ ಕಿತ್ತೆ. ಇನ್ನೊಂದು ಮಗ್ಗುಲಿಗೆ ತಿರುಗಿಸುವಾಗ ಒಳಗಿನಿಂದ ‘ಕಟಕಟ’ ಎಂದಿತು. ಮಾನ್ಯರೇ, ಆ ಕ್ಷಣದ ನನ್ನ ಸಂತೋಷವನ್ನು ತಾವು ಊಹಿಸಿಕೊಳ್ಳಬೇಕು. ಕನ್ನಡಿ ಕಾರಿನೊಳಗೇ ಬಿದ್ದಿದೆ! ಮಗಳು ನಿರಪರಾಧಿ! ಹೊಟ್ಟೆಯಲ್ಲಿ ಕೇಳಿದ್ದು ಬರೀ ಗಾಳಿ! ಆ ಸಂತೋಷದಲ್ಲೇ ಕಾರಿನ ತಳದ ತಿರುಪು ಬಿಚ್ಚಿ, ಕವಚ ಎತ್ತಿ, ಸೀಟಿನ ತಟ್ಟೆ ತೆಗೆದೆ. ಕೆಲವು ಭಾಗಗಳು ಸಲೀಸಾಗಿ ಬಂದವು, ಕೆಲವು ‘ಟಕ್’ ಎಂದು ಬಂದವು, ಒಂದೆರಡು ಕರೆಯದಿದ್ದರೂ ಬಂದವು. ಡಿಕ್ಕಿಯಲ್ಲಿ ಸಿಕ್ಕಿದ್ದು ಕನ್ನಡಿಯಲ್ಲ, ಒಂದು ಗಾಜಿನ ಮಣಿ. ಇದೊಂದು ಹೊಸ ಅಪಾಯವೆಂದು ಅದನ್ನು ಔಷಧಿಯ ಕಪಾಟಿನಲ್ಲಿಟ್ಟು ಬೀಗ ಹಾಕಿ ಬಂದೆ.

ಇಷ್ಟಾದ ಮೇಲೆ ಎಣಿಸಿ ನೋಡಿದರೆ, ಕನ್ನಡಿ ಒಂದು ಕಡಿಮೆ ಇರುವುದಲ್ಲದೆ ಪೆಡಲುಗಳು ಹೆಚ್ಚಾಗಿವೆ! ಓಡಿಸುವವರ ಕಾಲ ಬಳಿ ಮೂರು, ಸರಿ. ಪಕ್ಕದ ಸೀಟಿನವರ ಕಾಲ ಬಳಿಯೂ ಎರಡು. ಪಕ್ಕದ ಸೀಟಿನಲ್ಲಿ ಸಾಮಾನ್ಯವಾಗಿ ಹೆಂಡತಿ ಕೂರುತ್ತಾಳೆ. ಅವಳು ಬಾಯಲ್ಲೇ ಬ್ರೇಕು ಹಾಕುತ್ತಾಳೆ. ಅವಳಿಗೆ ಪೆಡಲು ಕೊಡುವಷ್ಟು ಉದಾರಿಗಳಾದ ತಾವು ಒಂದು ಕನ್ನಡಿ ಕೊಡಲು ಹಿಂದುಮುಂದು ನೋಡುವುದೇ ಎಂದು ನನಗೆ ತಮ್ಮ ಮೇಲೆ ತುಂಬಾ ಸಿಟ್ಟು ಬಂತು. ಈ ಪತ್ರ ಶುರು ಮಾಡಿದ್ದು ಆಗಲೇ.

ಅತ್ತೆಯನ್ನೇ ಎಬ್ಬಿಸಿ ಕೇಳಬಹುದಿತ್ತಲ್ಲ ಎಂದು ತಾವು ಕೇಳಬಹುದು. ಸರಿಯಾದ ಪ್ರಶ್ನೆ. ಕಾರು ಇಡಿಯಾಗಿದ್ದಾಗ ಅದು ನನಗೆ ಹೊಳೆಯಲಿಲ್ಲ. ಹೊಳೆಯುವ ಹೊತ್ತಿಗೆ ಕಾರು ಮೇಜಿನ ಪಕ್ಕ ನೆಲಕ್ಕೆ ಹಾಸಿದ ಮಗಳ ಗುಲಾಬಿ ಬಣ್ಣದ ಟವೆಲಿನ ಮೇಲೆ ಹರಡಿತ್ತು. ಎರಡು ತಿಂಗಳು ಬೋಗುಣಿ ಕವುಚಿ ಕಾಪಾಡಿದ್ದನ್ನು ಟವೆಲಿನ ಮೇಲೆ ತೋರಿಸಿ, ಅತ್ತೆ, ಇದರಲ್ಲಿ ಕನ್ನಡಿ ಇತ್ತೇ ಎಂದು ಕೇಳುವ ಧೈರ್ಯ ಯಾವ ಸೊಸೆಗಿದೆ? ಮೊಮ್ಮಗಳ ರಾತ್ರಿಯ ಸಂಗೀತಕ್ಕೆ ಅಂಜಿ ಅವರು ಕಿವಿಗೆ ಹತ್ತಿ ಇಟ್ಟು ಮಲಗುತ್ತಾರೆ ಎಂಬುದೊಂದೇ ಸದ್ಯಕ್ಕೆ ನನ್ನ ಪಾಲಿನ ದೇವರು.

ಆದ್ದರಿಂದ ಮುಂದೆ ಇಂಥ ಪ್ರಸಂಗಗಳು ಬಾರದಂತೆ ತಾವು ದೊಡ್ಡ ಮನಸ್ಸು ಮಾಡಿ ಕೆಲವು ಸಣ್ಣ ಸುಧಾರಣೆಗಳನ್ನು ತರಬೇಕೆಂದು ಕೋರುತ್ತೇನೆ. ಡಬ್ಬಿಯ ಮೇಲೆ ‘ಮೂರು ವರ್ಷದೊಳಗಿನ ಮಕ್ಕಳಿಗೆ ತಕ್ಕದ್ದಲ್ಲ’ ಎಂದು ಬರೆದಿದ್ದೀರಿ, ಅದರ ಪಕ್ಕದಲ್ಲೇ ‘ಆ ಮಕ್ಕಳ ಅಜ್ಜಿಯರಿಗೂ’ ಎಂದು ಸೇರಿಸಿ. ಪ್ರತಿಯೊಂದು ಭಾಗವೂ ಹೊಟ್ಟೆಗೆ ಹೋದ ಕೂಡಲೇ ತನ್ನ ಹೆಸರು ಹೇಳಿಕೊಳ್ಳುವಂತೆ ಮಾಡಿ. ‘ನಾನು ಎಡಗಡೆಯ ಕನ್ನಡಿ, ಕ್ಷೇಮವಾಗಿ ತಲುಪಿದ್ದೇನೆ’ ಎಂದು ಒಳಗಿನಿಂದ ಒಂದು ಮಾತು ಬಂದರೆ ತಾಯಂದಿರು ಎಷ್ಟೋ ನಿಶ್ಚಿಂತರು. ಅದು ಕಷ್ಟವೆನಿಸಿದರೆ, ಕನ್ನಡಿಯನ್ನು ಯಾವ ಮಗುವಿನ ಬಾಯಿಗೂ ಹಿಡಿಸದಷ್ಟು ದೊಡ್ಡದು ಮಾಡಿ. ಲೆಕ್ಕ ನಾನೇ ಹಾಕಿದ್ದೇನೆ: ಕನ್ನಡಿ ಹತ್ತು ಪಟ್ಟು ಬೆಳೆಯಬೇಕು, ಅದಕ್ಕೆ ತಕ್ಕಂತೆ ಕಾರೂ ಹತ್ತು ಗೇಣು ಆಗುತ್ತದೆ, ಅಂದರೆ ತೊಟ್ಟಿಲಿಗಿಂತ ಉದ್ದ. ಆಗ ಮಗುವನ್ನೇ ಕಾರಿನೊಳಗೆ ಮಲಗಿಸಬಹುದು. ಕಾರು ಮಗುವಿನೊಳಗೆ ಮಲಗುವ ಪ್ರಮೇಯವೇ ಬರುವುದಿಲ್ಲ. ತಾವು ಎಲ್ಲವನ್ನೂ ಇಪ್ಪತ್ತನಾಲ್ಕು ಪಟ್ಟು ಕುಗ್ಗಿಸುವ ವಿದ್ಯೆ ಬಲ್ಲವರು. ತಾಯಿಯ ಗಾಬರಿಗೂ ಒಂದು ಅಚ್ಚು ಮಾಡಿಕೊಡುವಿರಾದರೆ ಎಷ್ಟು ಖರ್ಚಾದರೂ ಕೊಳ್ಳುತ್ತೇನೆ, ಯಾಕೆಂದರೆ ನಮ್ಮ ಮನೆಯಲ್ಲಿ ಸದ್ಯ ಅಳತೆ ಮೀರಿರುವ ವಸ್ತು ಅದೊಂದೇ.

ಮಾನ್ಯರೇ, ಮೇಲಿನ ಸಾಲಿಗೂ ಈ ಸಾಲಿಗೂ ನಡುವೆ ಸ್ವಲ್ಪ ಹೊತ್ತು ಎದ್ದುಹೋಗಿದ್ದೆ. ಅದನ್ನು ತಮ್ಮಿಂದ ಮುಚ್ಚಿಡುವುದು ಸಭ್ಯತೆಯಲ್ಲ.

ಹೋಗಿದ್ದು, ಟವೆಲಿನ ಮೇಲಿದ್ದುದನ್ನೆಲ್ಲ ತುಂಬಿ ಬಚ್ಚಿಡಲು ಒಂದು ಪೆಟ್ಟಿಗೆ ಬೇಕಾಗಿ. ಪ್ರದರ್ಶನಕ್ಕೆ ಕಾರು ಒಯ್ಯಲೆಂದು ಅತ್ತೆ ಚಪ್ಪಲಿಯ ಪೆಟ್ಟಿಗೆಯೊಂದಕ್ಕೆ ಹತ್ತಿ ಹಾಸಿ ಬಾಗಿಲ ಬಳಿ ಇಟ್ಟಿದ್ದರು. ಅದರ ಮುಚ್ಚಳ ತೆಗೆದರೆ ಒಳಮೈಗೆ ಒಂದು ಹಳೇ ಫೋಟೋ ಅಂಟಿಸಿದ್ದಾರೆ. ಫೋಟೋದಲ್ಲಿ ತಲೆಗೂದಲಿನ್ನೂ ಕಪ್ಪಗಿದ್ದ ಅತ್ತೆ ಕೈಕಟ್ಟಿ ನಿಂತಿದ್ದಾರೆ. ಪಕ್ಕದಲ್ಲಿ ಕೆಂಪು ಕಾರು. ಮೈಯೆಲ್ಲ ಕೆಸರು. ಎಡಬಾಗಿಲು ಒಳಕ್ಕೆ ಕುಗ್ಗಿದೆ. ಬಂಪರಿನಲ್ಲಿ ಪಕ್ಕಪಕ್ಕದಲ್ಲೇ ಎರಡು ಗುಳಿ. ಎಡಗಡೆ ಕನ್ನಡಿಯ ಜಾಗದಲ್ಲಿ ಒಂದು ಮೊಂಡು, ಅದಕ್ಕೆ ಕರೀ ಟೇಪು. ಸ್ಟಿಯರಿಂಗ್ ಹಿಂದೆ, ಈಗಷ್ಟೇ ಏನನ್ನೋ ಗುದ್ದಿ ಬಂದವನ ಮುಖ ಹೊತ್ತು, ಮೀಸೆ ಚಿಗುರುವ ವಯಸ್ಸಿನ ನಮ್ಮ ಯಜಮಾನರು ಕೂತಿದ್ದಾರೆ.

ನಾನು ಆ ಮುಚ್ಚಳ ಹಿಡಿದು ಅಲ್ಲೇ ಚಪ್ಪಲಿಗಳ ನಡುವೆ ಕೂತೆ. ಅತ್ತೆ ಎರಡು ತಿಂಗಳು ಕಟ್ಟಿದ್ದು ತಮ್ಮ ಡಬ್ಬಿಯ ಮೇಲಿನ ಕಾರನ್ನಲ್ಲ, ಅವರದೇ ಡ್ರೈವಿಂಗ್ ಶಾಲೆಯ ಹಳೇ ಕಾರನ್ನು. ಅರ್ಧ ಊರು ಗುದ್ದಿ, ಉಜ್ಜಿ, ಗೇರು ಕಿರುಚಿಸಿ ಕಲಿತ ಕಾರು ಅದು. ಆ ಹೆಚ್ಚಿನ ಎರಡು ಪೆಡಲುಗಳು ಪಕ್ಕದಲ್ಲಿ ಕೂತು ಕಲಿಸುತ್ತಿದ್ದ ಅವರವು. ಪ್ಲಾಸ್ಟಿಕ್ಕಿಗೆ ಬಿಸಿ ಚಮಚ ಮುಟ್ಟಿಸಿ ಬಾಗಿಲು ಕುಗ್ಗಿಸಿದ್ದಾರೆ, ಹೂಕುಂಡದ ಮಣ್ಣು ಜರಡಿ ಹಿಡಿದು ಅಂಟಿನಲ್ಲಿ ಕಲಸಿ ಕೆಸರು ಹಚ್ಚಿದ್ದಾರೆ, ನನ್ನದೇ ಹಳೇ ಕೈಚೀಲ ಹರಿದು ಸೀಟು ಹೊಲಿದು ಆ ಸೀಟನ್ನೂ ಹರಿದಿದ್ದಾರೆ. ನಾನು ಅದನ್ನು ಮಗಳ ಅಂಡಿನ ಟಿಶ್ಯೂವಿನಿಂದ ಒರೆಸಿದ್ದೇನೆ. ಓಡಿಹೋಗಿ ಯಜಮಾನರನ್ನು ಇನ್ನೊಮ್ಮೆ ಅಲುಗಾಡಿಸಿ, ಶಾಲೆಯ ಕಾರಿನ ಕನ್ನಡಿ ಏನಾಯಿತೆಂದು ಕೇಳಿದೆ. “ಹೂಂ, ನಾನೇ ಗೇಟಿಗೆ ಹೊಡೆದಿದ್ದು. ಆಗ್ಲೇ ಹೇಳಿದ್ನಲ್ಲ” ಎಂದು ಅವರು ಮತ್ತೆ ಗೋಡೆಗೆ ತಿರುಗಿದರು. ಅತ್ತೆ ಕತ್ತರಿಸಿ ಉಳಿದ ಪ್ಲಾಸ್ಟಿಕ್ ಚೌಕಟ್ಟುಗಳನ್ನು ಎಸೆಯದೆ, ಮುಂದೆ ಯಾವ ಕಾರಿಗಾದರೂ ಆದೀತೆಂದು ಬೀರುವಿನ ಮೇಲೆ ಬಿಸ್ಕತ್ತಿನ ಡಬ್ಬಿಯಲ್ಲಿ ಇಟ್ಟಿರುತ್ತಾರೆಂದು ನೆನಪಾಯಿತು. ಸ್ಟೂಲು ಹತ್ತಿ ಇಳಿಸಿದೆ. ಖಾಲಿ ಚೌಕಟ್ಟೊಂದರಲ್ಲಿ, ಎಲ್ಲ ಕಾಯಿ ಕಿತ್ತ ಮೇಲೂ ಕೊಂಬೆಯಲ್ಲಿ ಉಳಿದ ಒಂದೇ ಕಾಯಿಯ ಹಾಗೆ, ಎಡಗಡೆಯ ಕನ್ನಡಿ ತೂಗಾಡುತ್ತಿತ್ತು. ಯಾರೂ ಅದನ್ನು ಕಿತ್ತೇ ಇರಲಿಲ್ಲ. ಮಗಳ ಬಳಿ ಹೋಗಿ ನೋಡಿದೆ. ಹೊಟ್ಟೆ ಇನ್ನೊಮ್ಮೆ ‘ಗುರ್’ ಎಂದಿತು. ಹಿಂದೆಯೇ ಬಂದ ಸದ್ದಿನಿಂದ ವಿಷಯವೇನೆಂದು ಸ್ಪಷ್ಟವಾಯಿತು.

ಆದ್ದರಿಂದ ಈ ಪತ್ರದ ಮೊದಲರ್ಧದ ದೂರನ್ನು ಸಂಪೂರ್ಣವಾಗಿ ಹಿಂತೆಗೆದುಕೊಳ್ಳುತ್ತೇನೆ. ತಮ್ಮ ಡಬ್ಬಿಯಲ್ಲಿ ಕನ್ನಡಿಗಳು ಎರಡೂ ಇವೆ, ತಾವು ಸತ್ಯವಂತರು. ಅಜ್ಜಿಯರ ಬಗ್ಗೆ ಡಬ್ಬಿಯ ಮೇಲೆ ಬರೆಯಲು ಹೇಳಿದ್ದನ್ನು ದಯವಿಟ್ಟು ಹೊಡೆದುಹಾಕಿ. ಅಚ್ಚಾಗಿದ್ದರೆ ಮೇಲೊಂದು ಕಾಗದ ಅಂಟಿಸಿ. ಆದರೆ, ಮಾನ್ಯರೇ, ತಮ್ಮ ಬೇಜವಾಬ್ದಾರಿಯ ಮೇಲಿನ ನಂಬಿಕೆಯಿಂದಲೇ ನಾನು ಆ ಕಾರನ್ನು ಬಿಚ್ಚಿದ್ದು. ಇನ್ನು ಸ್ವಲ್ಪ ಹೊತ್ತಿಗೆ ಹಾಲಿನವನು ಬರುತ್ತಾನೆ, ಅವನ ಹಿಂದೆಯೇ ಅತ್ತೆ ಏಳುತ್ತಾರೆ, ಎದ್ದವರು ಮೊದಲು ಆ ಬೋಗುಣಿ ಎತ್ತುತ್ತಾರೆ. ಹಿಂದಿನ ಸೀಟನ್ನು ಕಿಟಕಿಯ ಗಾಜಿಗಿಂತ ಮೊದಲು ಕೂರಿಸಬೇಕೇ, ಆಮೇಲೆಯೇ? ಗೇರಿನ ಕಡ್ಡಿ ಯಾವ ತೂತಿಗೆ? ಎರಡು ತೂತುಗಳಿವೆ, ಎರಡಕ್ಕೂ ಅದು ಅಷ್ಟೇ ಪ್ರೀತಿಯಿಂದ ಹೋಗುತ್ತದೆ. ತಮ್ಮಲ್ಲಿ ಜೋಡಣೆ ಬಲ್ಲವರು ಯಾರಾದರೊಬ್ಬರು, ಕೊಳಲಿನವರಲ್ಲ, ಮನುಷ್ಯರು, ಫೋನ್ ಮಾಡಿದರೆ ನಾನು ಚಿಮುಟ ಹಿಡಿದು ಸಿದ್ಧಳಾಗಿದ್ದೇನೆ. ಮಗಳು ಏಳದಿರಲೆಂದು ಫೋನನ್ನು ಸದ್ದಿಲ್ಲದೆ ನಡುಗುವಂತೆ ಇಟ್ಟು ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದೇನೆ. ಅದಕ್ಕಿಂತ ಹೆಚ್ಚು ನಾನೇ ನಡುಗುತ್ತಿರುವುದರಿಂದ ಎರಡೆರಡು ಸಲ ಮಾಡಿ.

ತಮ್ಮ ಅಚ್ಚುಗಳು ಎಂದೂ ಸವೆಯದಿರಲೆಂದು ಹಾರೈಸುವ,

ತಮ್ಮ ವಿಶ್ವಾಸಿ, ತಮ್ಮ ಫೋನಿನ ಮೇಲೆ ಮಾತ್ರ ವಿಶ್ವಾಸವಿಲ್ಲದ,
ಬ್ರೇಕ್ ಮೇಡಂ ಅವರ ಸೊಸೆ

ಮರೆತ ಮಾತು: ಸಹಿ ಹಾಕಿ ತಲೆ ಎತ್ತಿದರೆ ಅತ್ತೆ ಬಾಗಿಲಲ್ಲಿ ನಿಂತಿದ್ದರು. ಟವೆಲನ್ನು ನೋಡಿದರು, ಒರೆಸಿದ ಮಗ್ಗುಲನ್ನು ನೋಡಿದರು, ನನ್ನನ್ನು ನೋಡಿದರು. ಅವರು ಕಿವಿಯಿಂದ ಹತ್ತಿ ತೆಗೆದು, ಕುರ್ಚಿ ಎಳೆದು ನನ್ನ ಎಡಗಡೆ ಕೂತರು. “ಪರ್ವಾಗಿಲ್ಲ, ಕಲಿಯೋಕೆ ಬಂದೋರಿಗೆ ತೊಳೀರಿ ಅಂದ್ರೆ ಅವರೂ ಅರ್ಧ ಮಾತ್ರ ತೊಳೀತಿದ್ರು” ಎಂದು ಕವಚ ಎತ್ತಿ ಕಿವಿಯ ಬಳಿ ಅಲ್ಲಾಡಿಸಿ, “ಕಟಕಟ ಎಲ್ಲೇ ಹೋಯ್ತು? ಅದಿಲ್ದೆ ನಮ್ ಕಾರು ಓಡಿದ್ದೇ ಇಲ್ಲ” ಎಂದರು. ಔಷಧಿ ಕಪಾಟಿನ ಬೀಗ ತೆಗೆದು ಮಣಿಯನ್ನು ತಂದುಕೊಟ್ಟೆ. ನಾನು ಅಂಟಿನ ಕೊಳವೆಯನ್ನು ಅವಸರದಲ್ಲಿ ಹಿಂಡಹೊರಟಿದ್ದನ್ನು ಕಂಡು ಅವರ ಬಲಗಾಲು ಮೇಜಿನಡಿಯಲ್ಲಿ ಮೆಲ್ಲಗೆ ನೆಲವನ್ನು ಒತ್ತಿತು. “ನಿಧಾನಕ್ಕೆ ಬಿಡು, ನೀನೇ ಬಿಡು. ಬ್ರೇಕ್ ನನ್ ಹತ್ರಾನೂ ಇದೆ” ಎಂದರು. ನಾನು ಬಿಟ್ಟೆ. ಸೀಟು ಕೂತಿತು, ಗಾಜು ಕೂತಿತು, ಗೇರಿನ ಕಡ್ಡಿ ಕೊನೆಗೂ ತನ್ನ ಮನೆ ಸೇರಿತು, ಟೇಪು ಮೊಂಡಿನ ಮೇಲೇರಿತು.

ಈಗ ಕಾರು ಇಡಿಯಾಗಿದೆ, ಕಟಕಟ ಎನ್ನುತ್ತಿದೆ, ಮತ್ತು ಟವೆಲಿನ ಮೇಲೆ ಒಂದು ಭಾಗ ಉಳಿದಿದೆ. ಕಡಲೆಬೇಳೆಯಷ್ಟಿದೆ, ಬೂದು ಬಣ್ಣ, ಒಂದು ಕಡೆ ಚಪ್ಪಟೆ, ಇನ್ನೊಂದು ಕಡೆ ಮೂತಿ. ಅತ್ತೆ ಭೂತಗನ್ನಡಿ ಹಿಡಿದು ನೋಡಿ, ಇದು ತಾನು ಕಟ್ಟಿದ ಕಾರಿನದಲ್ಲ, ಕಂಪನಿಯವರು ಹೆಚ್ಚಿಗೆ ಹಾಕಿದ್ದಿರಬೇಕು ಎನ್ನುತ್ತಾರೆ; ಒಂದನ್ನೂ ಹೆಚ್ಚಿಗೆ ಹಾಕುವ ಪೈಕಿ ತಾವಲ್ಲವೆಂದು ನಾನು ತಮ್ಮ ಪರವಾಗಿ ವಾದಿಸುತ್ತಿದ್ದೇನೆ. ಅಷ್ಟರಲ್ಲಿ ಮಗಳು ಎದ್ದು ಅಂಬೆಗಾಲಿಟ್ಟು ಟವೆಲಿನ ಅಂಚಿಗೆ ಬಂದಿದ್ದಾಳೆ. ಅವಳೂ ಅದನ್ನೇ ನೋಡುತ್ತಿದ್ದಾಳೆ, ಮತ್ತು ಅದು ಏನೆಂಬುದು ಮೂವರಲ್ಲಿ ಅವಳೊಬ್ಬಳಿಗೆ ಗೊತ್ತಿರುವಂತಿದೆ. ಮಾನ್ಯರೇ, ಬೆಳಗಾಗುವ ಮುನ್ನ ದಯವಿಟ್ಟು ಒಂದು ಫೋನ್ ಮಾಡಿ.